ಸುಲ್ತಾನಿಯಾಳ ರಜೆ

ಸುಲ್ತಾನಿಯಾಳಿಗೆ ರಜೆ ಸಿಕ್ಕಿತು. ಬಿಸೆರಾಳಿಗೆ ಸಿಗಲಿಲ್ಲ. ರಜೆ ಕೊಡಿಸಿದ ರಕ್ತ ಮಾತ್ರ ಬಿಸೆರಾಳದು.

ಸುಲ್ತಾನಿಯಾ ಒಂದು ಕತ್ತೆ. ಬಿಸೆರಾ ನನ್ನ ತೀರಿಹೋದ ತಂಗಿಯ ಮಗಳು. ಏಳು ತಿಂಗಳ ಬಸುರಿ. ಗಂಡ ದೂರದ ಇಟ್ಟಿಗೆ ಗೂಡಿನಲ್ಲಿದ್ದಾನೆ. ನನ್ನ ಹೆಸರು ಸ್ತಾನಾ. ನನಗೆ ಮಾತು ಕಡಿಮೆ. ಅಪ್ಪ ಒಂಟಿ ತಂತಿಯ ಗುಸ್ಲೆ ಹಿಡಿದು ವೀರರ ಕಥೆ ಹೇಳುತ್ತಿದ್ದ, ಸಾಲಿಗೆ ಹತ್ತು ಅಕ್ಷರ, ಹೆಚ್ಚಿಲ್ಲ ಕಡಿಮೆಯಿಲ್ಲ. ನಾನು ಒಲೆಯ ಪಕ್ಕ ಕೂತು ಕೇಳುತ್ತಿದ್ದೆ. ಕೇಳಿ ಕೇಳಿ ಅಭ್ಯಾಸವಾಗಿಬಿಟ್ಟಿದೆ. ಆದರೆ ಇದನ್ನು ಹೇಳಲೇಬೇಕು. ಇದನ್ನು ಯಾವ ಗುಸ್ಲೆಯವನೂ ಹಾಡುವುದಿಲ್ಲ. ಆ ಹಾಡುಗಳಲ್ಲಿ ರಕ್ತ ಕುದುರೆಯ ಮೊಣಕಾಲಿನವರೆಗೆ ಹರಿಯುತ್ತದೆ. ಅದರಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.

ಸಾವಾ ನದಿಯ ಒಡ್ಡಿನ ಆ ಕಡೆ ಧಣಿ ಒಬ್ರಾದನ ಕತ್ತೆ ಫಾರ್ಮು. ಒಡ್ಡಿನ ಈ ಕಡೆ, ನದಿಯ ಮಗ್ಗುಲಿಗೆ, ನಮ್ಮ ಕೇರಿ. ನಾವು ರೋಮಾ ಜನ, ಊರವರ ಬಾಯಲ್ಲಿ ಜಿಪ್ಸಿಗಳು. ನೆರೆ ಬಂದರೆ ನೀರು ಮೊದಲು ನಮ್ಮ ಮನೆಗಳಿಗೆ ಬಂದು, ನಮ್ಮನ್ನೆಲ್ಲ ಮಾತಾಡಿಸಿ, ಆಮೇಲೆ ಒಡ್ಡಿನ ಹತ್ತಿರ ಹೋಗುತ್ತದೆ.

ಫಾರ್ಮಿನಲ್ಲಿ ನಲವತ್ತು ಹೆಣ್ಣು ಕತ್ತೆ, ನಾವು ಎಂಟು ಹೆಂಗಸರು. ನಾವು ಹಾಲು ಕರೆಯುತ್ತೇವೆ. ಒಂದು ಕತ್ತೆ ಒಂದು ಸಲಕ್ಕೆ ಒಂದು ಲೋಟ ಕೊಟ್ಟರೆ ದೊಡ್ಡದು. ಪೇಟೆಯ ಹೆಂಗಸರು ಅದನ್ನು ಕೆಮ್ಮಿಗೆ ಕುಡಿಯುತ್ತಾರೆ, ಮುಖಕ್ಕೆ ಹಚ್ಚುತ್ತಾರೆ. ಅದರಿಂದ ಗಿಣ್ಣನ್ನೂ ಮಾಡುತ್ತಾರೆ. ಆ ಗಿಣ್ಣಿನ ವಾಸನೆ ನಮಗೆ ಗೊತ್ತು. ರುಚಿ ಗೊತ್ತಿಲ್ಲ.

ಕತ್ತೆಗಳಿಗೆ ಹೆಸರಿದೆ. ನಮಗೆ ನಂಬರಿದೆ. ಮೇಲಂಗಿಯ ಬೆನ್ನಿನ ಮೇಲೆ ದೊಡ್ಡದಾಗಿ ಬರೆದಿದೆ. ನಾನು ಎರಡು. ಬಿಸೆರಾ ಏಳು. ನನ್ನ ಗೆಳತಿ ಝಿವಾನಾ ಮೂರು. "ನಿಮ್ಮ ಹೆಸರುಗಳು ಬಾಯಲ್ಲಿ ನಿಲ್ಲಲ್ಲ ಕಣ್ರೇ," ಅನ್ನುತ್ತಾನೆ ಧಣಿ. ಕೊಂತೇಸಾ, ಬಾರೊನಿತ್ಸಾ, ಸುಲ್ತಾನಿಯಾ ಮಾತ್ರ ಅವನ ಬಾಯಲ್ಲಿ ಸಕ್ಕರೆಯ ಹಾಗೆ ಕರಗುತ್ತವೆ. ಒಂದೊಂದು ಕತ್ತೆಗೂ ಸರ್ಕಾರದ ಪಾಸ್‌ಪೋರ್ಟ್ ಇದೆ. ಹುಟ್ಟಿದ ದಿನ, ತಾಯಿಯ ಹೆಸರು, ಬೆನ್ನಿನ ಮೇಲಿನ ಕಪ್ಪು ಪಟ್ಟೆಯ ಚಿತ್ರ, ಎಲ್ಲ ಅದರಲ್ಲಿದೆ. ಬಿಸೆರಾ ಹುಟ್ಟಿದ್ದನ್ನು ಯಾರೂ ಎಲ್ಲೂ ಬರೆದುಕೊಂಡಿಲ್ಲ.

ಮಾರ್ಚಿನಲ್ಲಿ ಅವಳನ್ನು ಪೇಟೆಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಕಿಟಕಿಯ ಹಿಂದೆ ಒಬ್ಬಳು ನರ್ಸ್. ತಲೆ ಎತ್ತಲಿಲ್ಲ.

"ಹುಟ್ಟಿದ ಕಾಗದ?"

"ಇಲ್ಲಮ್ಮ."

"ಹುಟ್ಟಿದ್ದಕ್ಕೆ ಕಾಗದ ತಗೊಂಡು ಬಾ, ಆಮೇಲೆ ನೋಡೋಣ."

"ಹುಟ್ಟಿದೋಳು ಎದುರಿಗೇ ನಿಂತಿದೀನಲ್ಲಮ್ಮ," ಅಂದಳು ಬಿಸೆರಾ.

"ನಂಗೆ ಕಂಡ್ರೆ ಸಾಲ್ದು. ಕಂಪ್ಯೂಟರಿಗೆ ಕಾಣ್ಬೇಕು."

ಬಿಸೆರಾ ಬಗ್ಗಿ ಕಂಪ್ಯೂಟರಿಗೆ ಮುಖ ತೋರಿಸಿದಳು. ನರ್ಸ್ ಕಿಟಕಿ ಎಳೆದುಕೊಂಡಳು. ನಾವು ವಾಪಸು ನಡೆದೆವು. ಹನ್ನೊಂದು ಕಿಲೋಮೀಟರು. ದಾರಿಯಲ್ಲಿ ನಾಲ್ಕು ಸಲ ಕೂತಳು. ನಾಲ್ಕನೆಯ ಸಲ ಕೂತಾಗ ದಾರಿಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡಳು.

"ಏನೇ ಇದು?"

"ಗೊತ್ತಿಲ್ಲ ದೊಡ್ಡಮ್ಮ. ತಿನ್ಬೇಕು ಅನ್ಸುತ್ತೆ. ನಮ್ಮ ಒಡ್ಡಿನ ಮಣ್ಣಿಗಿಂತ ಇದು ಚೆನ್ನಾಗಿದೆ."

ನಾನು ಮಕ್ಕಳನ್ನು ಕಾಯುವ ಬೀಬಿ ತಾಯಿಗೆ ಕೈ ಮುಗಿದೆ. ಬೀಬಿ ತಾಯಿ ನಮ್ಮವರ ದೇವತೆ. ಅವಳ ಹತ್ತಿರವೂ ಕಾಗದ ಇಲ್ಲ. ಹಾಗಾಗಿ ನಮ್ಮ ಮಾತು ಕೇಳುತ್ತಾಳೆ.

ಫಾರ್ಮಿಗೆ ಹದಿನೈದು ದಿನಕ್ಕೊಮ್ಮೆ ಡಾಕ್ಟರ್ ಬರುತ್ತಾಳೆ. ಕತ್ತೆಗಳಿಗೆ. ಹೆಸರು ತಿಯಾನಾ, ಚಿಕ್ಕ ವಯಸ್ಸು, ಮೂಗಿನ ಮೇಲೆ ಯಾವಾಗಲೂ ಹುಲ್ಲಿನ ಪುಡಿ. ಗಬ್ಬದ ಕತ್ತೆಗಳ, ಮರಿಗೆ ಹಾಲೂಡಿಸುವ ಕತ್ತೆಗಳ ಕುತ್ತಿಗೆಯಿಂದ ರಕ್ತ ತೆಗೆದುಕೊಂಡು ಹೋಗುತ್ತಾಳೆ. ನಾವು ಕತ್ತೆಯ ತಲೆ ಹಿಡಿಯುತ್ತೇವೆ. ನನಗೆ ಅಕ್ಷರ ಬರುವುದರಿಂದ ಟ್ಯೂಬಿನ ಮೇಲೆ ಕತ್ತೆಯ ಹೆಸರು ಬರೆಯುವುದು ನನ್ನ ಕೆಲಸ.

ಕೆಲಸ ಮಾಡುತ್ತ ಅವಳು ವಿವರಿಸುತ್ತಿದ್ದಳು. ಅವಳ ಮಾತು ಕೇಳುವುದು ನನಗೆ ಇಷ್ಟ.

"ಗಬ್ಬ ಕಟ್ಟಿದ ಮೇಲೆ ರಕ್ತ ಮೊದಲಿನ ಹಾಗೆ ಇರಲ್ಲ. ಕೊನೇ ತಿಂಗಳುಗಳಲ್ಲಿ ಬದಲಾಗುತ್ತೆ. ಹೆತ್ತ ಮೇಲೆ ಬಿಳಿ ಕಣ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ. ಹಾಲು ಕೊಡೋವಾಗ ಮತ್ತೆ ಬೇರೆ ಲೆಕ್ಕ. ಗಬ್ಬದ್ದನ್ನ ಗಬ್ಬ ಇಲ್ಲದ್ದರ ಅಳತೆಗೆ ಹಿಡಿದು ನೋಡಿದ್ರೆ ತಪ್ಪು. ಅವಳಿಗೆ ಅವಳದೇ ಅಳತೆ ಬೇಕು. ಅದನ್ನ ಯಾರೂ ಸರಿಯಾಗಿ ಬರೆದಿಟ್ಟಿಲ್ಲ, ಅದಕ್ಕೇ ನಾವು ಬರೀತಾ ಇದೀವಿ."

"ಡಾಕ್ಟರಮ್ಮ, ನಮ್ದೂ ಹಂಗೇನಾ?" ಕೇಳಿದಳು ಬಿಸೆರಾ, ಕೊಂತೇಸಾಳ ತಲೆ ಹಿಡಿದುಕೊಂಡು.

"ನಿಮ್ದು ಎಲ್ಲ ಬರೆದಿಟ್ಟಿದಾರೆ. ನಿಮ್ಮ ಡಾಕ್ಟರ್ ನೋಡ್ತಾರಲ್ಲ," ಅಂದಳು ತಿಯಾನಾ, ಸೂಜಿಯ ಮೇಲಿಂದ ಕಣ್ಣು ತೆಗೆಯದೆ.

ಕೆಟ್ಟವಳಲ್ಲ. ಆದರೆ ತಲೆ ಎತ್ತಿ ನೋಡಲಿಲ್ಲ.

ಅವಳ ಸಂಸ್ಥೆಗೂ ಧಣಿಗೂ ಒಂದು ಒಪ್ಪಂದ. ಲಾಯದ ಬಾಗಿಲಲ್ಲಿ ಕಪ್ಪು ಹಲಗೆ. ಯಾವ ಕತ್ತೆಯ ರಕ್ತದ ಅಂಕಿ ಸಂಸ್ಥೆ ಎಳೆದ ಗೆರೆಗಿಂತ ಕೆಳಗೆ ಬಂತೋ ಅದರ ಹೆಸರು ಹಲಗೆಯ ಮೇಲೆ ಬರುತ್ತದೆ. ಬಂದರೆ ಹಾಲು ಕರೆಯುವಂತಿಲ್ಲ. ಓಟ್ಸ್ ಎರಡರಷ್ಟು. ಮೊಣಕಾಲುದ್ದದ ಹುಲ್ಲಿನ ಹಾಸಿಗೆ. ಬಿಸಿ ತೌಡಿನ ಗಂಜಿ. ಬೀಟ್‌ರೂಟು. ಗದ್ದಲ ಮಾಡುವಂತಿಲ್ಲ. ಧಣಿ ಎಲ್ಲಕ್ಕೂ ಒಪ್ಪಿದ್ದ, ಯಾಕೆಂದರೆ ಸಂಸ್ಥೆಯ ಮುದ್ರೆಯನ್ನು ಹಾಲಿನ ಬಾಟಲಿಯ ಮೇಲೆ ಹಾಕಿಕೊಳ್ಳಬಹುದಿತ್ತು.

ಏಪ್ರಿಲಿನಲ್ಲಿ ಬಿಸೆರಾ ಲಾಯದಲ್ಲಿ ಬಿದ್ದಳು. ಹಾಲಿನ ಪಾತ್ರೆ ಹಿಡಿದವಳು ಹಾಗೇ ಸುಲ್ತಾನಿಯಾಳ ಕುತ್ತಿಗೆಯ ಮೇಲೆ ಒರಗಿದಳು. ಬೇರೆ ಯಾರನ್ನಾದರೂ ಒದೆಯುವ ಕತ್ತೆ ಕಂಬದಂತೆ ನಿಂತಿತ್ತು. ಎರಡು ದಿನ ಬಿಟ್ಟು ಧಣಿ ಅವಳನ್ನು ಹಿಡಿದ. ಕತ್ತೆಗಳು ನೆಕ್ಕಲೆಂದು ಗೋಡೆಗೆ ನೇತುಹಾಕಿದ ಕೆಂಪು ಉಪ್ಪಿನ ಇಟ್ಟಿಗೆಯನ್ನು ಅವಳು ನೆಕ್ಕುತ್ತಿದ್ದಳು.

"ಏಯ್ ಏಳು! ಅದು ಕತ್ತೆಗೆ ತಂದಿದ್ದು!"

"ಒಂದು ಮೂಲೆ ಅಷ್ಟೇ ಧಣಿ."

"ನಿನ್ನ ಎಂಜಲು ನನ್ನ ಕತ್ತೆ ನೆಕ್ಬೇಕಾ? ಅದಕ್ಕೆ ರೋಗ ಬಂದ್ರೆ?"

ನಾನು ಬಾಯಿ ಬಿಟ್ಟೆ. ವರ್ಷಕ್ಕೆ ಎರಡು ಸಲ ಬಿಡುತ್ತೇನೆ. "ಧಣಿ, ಹುಡುಗಿಗೆ ತಲೆ ಸುತ್ತುತ್ತೆ. ಹೆರೋವರೆಗೆ ರಜೆ ಕೊಡಿ. ಹೆತ್ತ ಮೇಲೆ ನಲವತ್ತು ದಿನ. ನಮ್ಮಲ್ಲಿ ಬಾಣಂತಿ ಮನೆ ಬಿಟ್ಟು ಬರೋ ಹಂಗಿಲ್ಲ."

ಧಣಿ ನಕ್ಕ. ಜಗತ್ತಿನಲ್ಲಿ ಅವನಿಗೆ ಎಲ್ಲಕ್ಕಿಂತ ಇಷ್ಟ ತನ್ನದೇ ತರ್ಕ. "ನೋಡು ಎರಡು. ಕತ್ತೆ ಹನ್ನೆರಡು ತಿಂಗಳು ಹೊರುತ್ತೆ. ನೀವು ಒಂಬತ್ತೇ ತಿಂಗಳು. ಮೂರು ತಿಂಗಳು ಆಗಲೇ ಉಳಿಸಿದೀರಿ. ಇನ್ನೇನು ರಜೆ? ನಿಮ್ಮೋರು ಬೇಲಿ ಪಕ್ಕ ಹೆತ್ತು, ಮಗೂನ ಸೊಂಟಕ್ಕೆ ಕಟ್ಕೊಂಡು ಸಂಜೆಗೆ ಹಾಡೋಕೆ ಹೋಗೋ ಜನ."

ಅವನು ಹೋದ ಮೇಲೆ ಝಿವಾನಾ ಪೊರಕೆ ಎಸೆದಳು. ಝಿವಾನಾ ಸಣ್ಣ ಹೆಂಗಸು, ದೊಡ್ಡ ಬಾಯಿ. ಹನ್ನೆರಡು ವರ್ಷ ದೊಡ್ಡಾಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ನೆಲ ಒರೆಸಿದವಳು. ಒರೆಸಿ ಒರೆಸಿ ಅರ್ಧ ಡಾಕ್ಟರಾಗಿದ್ದಳು. ಉಳಿದರ್ಧ ಆಗುವ ಮೊದಲೇ ಅವಳನ್ನು ಕೆಲಸದಿಂದ ತೆಗೆದರು.

"ಸ್ತಾನಾ, ನಾಳೆ ಡಾಕ್ಟರಮ್ಮ ಬರೋ ದಿನ ಅಲ್ವಾ?"

"ಹೌದು."

"ಟ್ಯೂಬಿನ ಮೇಲೆ ಹೆಸರು ಬರೆಯೋಳು ಯಾರು?"

"ನಾನು."

"ಹಂಗಾದ್ರೆ ನಿನ್ನ ಬೀಬಿ ತಾಯಿಗೆ ಇವತ್ತೇ ಮೇಣದಬತ್ತಿ ಹಚ್ಬಿಡು. ನಾಳೆ ಒಂದು ಪಾಪ ಇದೆ."

ಮರುದಿನ ಒಂಬತ್ತು ಕತ್ತೆಗಳ ರಕ್ತ ತೆಗೆಯುವಷ್ಟರಲ್ಲಿ ಊಟದ ಹೊತ್ತಾಯಿತು. ಧಣಿ ತಿಯಾನಾಳನ್ನು ಮನೆಯ ಮೇಜಿಗೆ ಕರೆದ. ಗಿಣ್ಣಿನ ಬಿಸಿ ಕಡುಬು, ಪ್ಲಮ್ ಹಣ್ಣಿನ ಸಾರಾಯಿ. "ಸುಲ್ತಾನಿಯಾ ಒಬ್ಬಳೇ ಬಾಕಿ, ಬಂದು ಮಾಡ್ತೀನಿ," ಅಂತ ಅವಳು ಕೈ ತೊಳೆದು ಹೋದಳು. ಪೆಟ್ಟಿಗೆ ತೆರೆದೇ ಇತ್ತು.

ನಾವು ಲಾಯದ ಹಿಂದೆ ಬ್ರೆಡ್ಡಿಗೆ ಕೊಬ್ಬು ಸವರಿಕೊಂಡು ತಿನ್ನುವ ಹೊತ್ತು. ತಿನ್ನಲಿಲ್ಲ. ಬಿಸೆರಾಳನ್ನು ಹುಲ್ಲಿನ ಹೊರೆಯ ಮೇಲೆ ಕೂರಿಸಿದೆವು. ಝಿವಾನಾ ತನ್ನ ತಲೆವಸ್ತ್ರ ಬಿಚ್ಚಿ ತೋಳಿಗೆ ಬಿಗಿದಳು, ಹೊಸ ಸೂಜಿಯ ಪೊಟ್ಟಣ ಒಡೆದಳು.

"ಝಿವಾನಾ ಅತ್ತೆ, ನಿಂಗೆ ಬರುತ್ತಾ?"

"ಹತ್ತು ಸಾವಿರ ತೋಳು ನೋಡಿದೀನಿ ಕಣೇ."

"ಎಷ್ಟು ಚುಚ್ಚಿದೀಯ?"

"ಇದು ಮೊದಲ್ನೇದು. ಆ ಕಡೆ ನೋಡು."

ಸುಲ್ತಾನಿಯಾ ಗೋಡೆಯ ಮೇಲಿಂದ ಕತ್ತು ಚಾಚಿ ನೋಡುತ್ತಿತ್ತು. ರಕ್ತ ಬಂತು. ತೆಳ್ಳಗೆ, ನೀರು ಬೆರೆಸಿದ ವೈನಿನ ಹಾಗೆ. ಝಿವಾನಾಳ ಬಾಯಿ ಮುಚ್ಚಿಹೋಯಿತು. ಅವಳ ಬಾಯಿ ಮುಚ್ಚಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ನಾನು ಶಿಲುಬೆಯ ಗುರುತು ಹಾಕಿಕೊಂಡು ಟ್ಯೂಬಿನ ಮೇಲೆ ಬರೆದೆ: ಸುಲ್ತಾನಿಯಾ.

ತಿಯಾನಾ ಬಂದಾಗ ಝಿವಾನಾ ಟ್ಯೂಬು ಎತ್ತಿ ತೋರಿಸಿದಳು. "ಇವಳದ್ದು ಆಯ್ತು ಡಾಕ್ಟರಮ್ಮ. ಒದೀತಾಳೆ ಅಂತ ನಾನೇ ತೆಗೆದುಬಿಟ್ಟೆ."

"ನೀವಾ? ಹಾಗೆಲ್ಲ ಮಾಡ್ಬಾರ್ದು!" ಅಂದಳು. ಆದರೆ ಸುಲ್ತಾನಿಯಾಳ ಹಿಂಗಾಲು ನೋಡಿದಳು, ಟ್ಯೂಬು ತೆಗೆದುಕೊಂಡಳು.

ನಮ್ಮ ಲೆಕ್ಕಾಚಾರ ಇಷ್ಟೇ. ರಕ್ತ ಗೆರೆಗಿಂತ ಕೆಳಗಿದೆ ಎಂದು ಮುದ್ರೆ ಹಾಕಿದ ಕಾಗದ ಬರುತ್ತದೆ. ಬಂದ ಕೂಡಲೇ ಇದು ಬಿಸೆರಾಳದು ಎಂದು ಹೇಳಿಬಿಡುವುದು. ಮುದ್ರೆ ಕಂಡರೆ ಧಣಿ ಬಗ್ಗುತ್ತಾನೆ, ರಜೆ ಕೊಡುತ್ತಾನೆ. ಎಂಟು ಜನ ಸೇರಿ ಯೋಚಿಸಿದರೂ ಕಾಗದದ ಮೇಲೆ ಕತ್ತೆಯ ಹೆಸರಿದ್ದರೆ ರಜೆ ಕತ್ತೆಗೇ ಹೋಗುತ್ತದೆ ಎಂಬುದು ನಮಗೆ ಹೊಳೆದಿರಲಿಲ್ಲ.

ನಾಲ್ಕೇ ದಿನಕ್ಕೆ ತಿಯಾನಾ ಫೋನ್ ಮಾಡಿದಳು. ಧಣಿ ಫೋನು ಕಿವಿಗಿಟ್ಟುಕೊಂಡೇ ಅಂಗಳದ ತುಂಬ ಓಡಿದ. "ಏಳಾ? ಏಳು ಅಂದ್ರೆ? ಸಾಯ್ತಾಳಾ? ನನ್ನ ಸುಲ್ತಾನಿಯಾ!"

ಹಿಮೋಗ್ಲೋಬಿನ್ ಏಳು. ಕೂಡಲೇ ಹಲಗೆಯ ಮೇಲೆ ಹೆಸರು ಬಂತು, ಸಂಜೆಗೆ ಮುದ್ರೆ ಹಾಕಿದ ಕಾಗದವೂ ಬಂತು. ಝಿವಾನಾ ಎದುರು ಹೋದಳು. "ಧಣಿ, ಆ ರಕ್ತ ಬಿಸೆರಾದು. ನಾವು ಹೆಸರು ಬದಲಾಯ್ಸಿದ್ವಿ."

ಧಣಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಕತ್ತೆ ಸಾಯ್ತಾ ಇದೆ, ನಿಂಗೆ ತಮಾಷೆ. ಕಾಗದದಲ್ಲಿ ಏನಿದೆ? ಸುಲ್ತಾನಿಯಾ ಅಂತ ಇದೆ. ಸಂಸ್ಥೆಯ ಮುದ್ರೆ ಸುಳ್ಳಾ, ನೀನು ನಿಜಾನಾ?"

"ಕತ್ತೇನ ನೋಡಿ ಧಣಿ. ಅದಕ್ಕೇನಾಗಿದೆ?"

ಸುಲ್ತಾನಿಯಾ ಆ ಹೊತ್ತಿಗೆ ಬೇಲಿ ಮುರಿಯುತ್ತಿತ್ತು.

"ಜ್ವರದ ಶಕ್ತಿ ಅದು," ಅಂದ ಧಣಿ. ಅವನ ಕಣ್ಣಲ್ಲಿ ನೀರಿತ್ತು.

ಹೀಗೆ ಸುಲ್ತಾನಿಯಾಳ ರಜೆ ಶುರುವಾಯಿತು. ಮೊಣಕಾಲುದ್ದ ಹುಲ್ಲು ಹಾಸಿದರು. ಬೀಟ್‌ರೂಟು ಬಂಡಿಯಲ್ಲಿ ಬಂತು. ದಿನಕ್ಕೆ ಮೂರು ಸಲ ಬಿಸಿ ಗಂಜಿ. ಹಾಲು ಕರೆಯುವುದು ನಿಂತಿದ್ದರಿಂದ ಮರಿ ಇಡೀ ದಿನ ಕುಡಿದು ಚೆಂಡಿನ ಹಾಗಾಯಿತು. ಆ ಗಂಜಿಯನ್ನು ಹೊರುವವರು ಯಾರು? ಅಡುಗೆ ಕೊಟ್ಟಿಗೆಯಿಂದ ಲಾಯದ ತುದಿಗೆ, ಎರಡು ಬಕೆಟ್, ಹಬೆಯಾಡುವುದು, ಇಪ್ಪತ್ತು ಕಿಲೋ.

"ಏಳು," ಅಂದ ಧಣಿ. "ಸುಲ್ತಾನಿಯಾ ಈಗ ಹಾಲು ಕೊಡಲ್ಲ, ನಿಂಗೆ ಕೆಲಸ ಕಮ್ಮಿ ಆಗಿದೆ. ನೀನೇ ಹೊರು."

ಬಿಸೆರಾ ಹೊತ್ತಳು. ಒಂದು ದಿನ. ಎರಡು ದಿನ. ಹತ್ತು ಹೆಜ್ಜೆಗೆ ಒಮ್ಮೆ ಬಕೆಟ್ ಇಳಿಸುತ್ತಿದ್ದಳು. ತುಟಿ ಬೆಳ್ಳಗೆ. ಉಗುರು ಚಮಚದ ಹಾಗೆ ಒಳಕ್ಕೆ ಬಾಗಿದ್ದವು. ಸುಲ್ತಾನಿಯಾ ಅವಳನ್ನು ಕಂಡರೆ ಸಂತೋಷದಿಂದ ಅರಚುತ್ತಿತ್ತು. ಝಿವಾನಾ ಹಾಲು ಕರೆಯುತ್ತ, ಸತ್ತವರಿಗೆ ಅಳುವ ರಾಗದಲ್ಲಿ ಹಾಡು ಕಟ್ಟಿದಳು:

ಹುಲ್ಲು ಹಾಸಿರೋ ಸುಲ್ತಾನಿಯಾಗೆ,
ಗಂಜಿ ಬೇಯ್ಸಿರೋ ರಾಣಿಯಮ್ಮಗೆ,
ರಕ್ತ ಕೊಟ್ಟೋಳು ಬಕೆಟ್ಟು ಹೊರಲಿ,
ಕತ್ತೆ ಮಲಗಿ ಕನಸು ಕಾಣಲಿ!

ನಕ್ಕೆವು. ನಗುತ್ತಲೇ ಬಿಸೆರಾ ಮತ್ತೆ ಬಕೆಟ್ ಎತ್ತಿಕೊಂಡಳು.

ಮೂರನೆಯ ದಿನ ಬೆಳಗಿನ ಹಾಲಿನ ಹೊತ್ತು. ಬಿಸೆರಾ ಬಕೆಟ್ ತಂದಳು. ಸುಲ್ತಾನಿಯಾಳ ಬಾಗಿಲಲ್ಲಿ ಇಳಿಸಿದಳು. ನಿಂತಳು. ಕತ್ತೆಯನ್ನು ನೋಡಿದಳು. ಒಳಗೆ ಹೋದಳು. ಹುಲ್ಲಿನ ಹಾಸಿಗೆಯ ಮೇಲೆ ಕೂತಳು. ಕಾಲು ಚಾಚಿದಳು. ಒಂದು ಬೀಟ್‌ರೂಟು ತೆಗೆದುಕೊಂಡು ಮೇಲಂಗಿಗೆ ಒರೆಸಿ ಕಚ್ಚಿದಳು.

"ಏಳು! ಅಲ್ಲೇನು ಮಾಡ್ತಿದೀಯ?" ಧಣಿ ಬಂದ.

"ರಜೆ ತಗೊಂಡಿದೀನಿ."

"ಏನು?"

"ಈ ರಜೆ ನಂದು. ರಕ್ತ ನಂದು. ಕತ್ತೆ ನನ್ನ ರಜೆ ತಿಂತಾ ಇದೆ."

"ಎದ್ದು ಹೊರಗೆ ಬಾ!"

"ಏಳಲ್ಲ."

"ಬಾ ಅಂದೆ!"

"ಏಳಲ್ಲ ಅಂದೆ. ಬಾಯಿ ತುಂಬ ಬೀಟ್‌ರೂಟಿದೆ, ಜಾಸ್ತಿ ಮಾತಾಡಿಸ್ಬೇಡಿ."

ಧಣಿ ಒಳಗೆ ಕಾಲಿಟ್ಟ. ಸುಲ್ತಾನಿಯಾ ಕಿವಿ ಹಿಂದಕ್ಕೆ ಮಾಡಿ ಹಿಂಭಾಗ ತಿರುಗಿಸಿತು. ಧಣಿ ಕಾಲು ಹೊರಗಿಟ್ಟ.

ಹಾಲಿನ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. ಝಿವಾನಾ. ಹೋಗಿ ಬಿಸೆರಾಳ ಪಕ್ಕ ಕೂತಳು. ಇನ್ನೊಂದು ಪಾತ್ರೆ. ಮತ್ತೊಂದು. ನಾನೂ ಇಟ್ಟೆ. ಮೂವತ್ತು ವರ್ಷ ಯಾರಿಗೂ ಇಲ್ಲ ಎಂದವಳಲ್ಲ ನಾನು. ಎಂಟು ಜನ ಹುಲ್ಲಿನಲ್ಲಿ ಸಾಲಾಗಿ ಕೂತೆವು. ನಿಜ ಹೇಳಬೇಕೆಂದರೆ ಹಾಸಿಗೆ ತುಂಬ ಚೆನ್ನಾಗಿತ್ತು. ನನ್ನ ಮನೆಯಲ್ಲಿ ಅಂಥದ್ದಿಲ್ಲ.

"ನೀವೆಲ್ಲ ಹೋದ್ರೆ ನಾಳೆ ಹದಿನೆಂಟು ಜನ ಬರ್ತಾರೆ!" ಕೂಗಿದ ಧಣಿ.

"ನಾಳೆ ಬರ್ಲಿ," ಅಂದಳು ಝಿವಾನಾ. "ಇವತ್ತು ಯಾರು ಕರೀತಾರೆ?"

ಅದೇ ವಿಷಯ. ಕತ್ತೆ ಹಸುವಲ್ಲ. ಮರಿ ಪಕ್ಕದಲ್ಲಿ ನಿಂತಿರಬೇಕು. ಗೊತ್ತಿರುವ ಕೈ ಬೇಕು, ಗೊತ್ತಿರುವ ವಾಸನೆ, ಗೊತ್ತಿರುವ ಗುನುಗು. ಇಲ್ಲದಿದ್ದರೆ ಹಾಲು ಮೇಲಕ್ಕೆಳೆದುಕೊಂಡು ಆಕಾಶ ನೋಡುತ್ತದೆ. ಕೆಚ್ಚಲು ಬಿಗಿದ ಕತ್ತೆಗಳು ಒಂದೊಂದಾಗಿ ಅರಚತೊಡಗಿದವು. ಕಟ್ಟಿಹಾಕಿದ ಮರಿಗಳೂ ಸೇರಿಕೊಂಡವು. ನದಿಯ ಆಚೆಯ ದಡದಲ್ಲಿ ಮೀನು ಹಿಡಿಯುತ್ತಿದ್ದವರು ಗಾಳ ಬಿಟ್ಟು ಎದ್ದು ನಿಂತರು.

ಧಣಿ ತಾನೇ ಸ್ಟೂಲು ಹಾಕಿಕೊಂಡ. ಬಾರೊನಿತ್ಸಾ ಅವನನ್ನು ಮೂಸಿ ಮುಂದಕ್ಕೆ ಒಂದು ಹೆಜ್ಜೆ ಹೋಯಿತು. ಅವನು ಸ್ಟೂಲು ಎಳೆದುಕೊಂಡು ಹಿಂದೆ ಹೋದ. ಅದು ಇನ್ನೊಂದು ಹೆಜ್ಜೆ ಹೋಯಿತು. ಹೀಗೆ ಲಾಯದ ಒಂದು ಸುತ್ತು ಮುಗಿಯಿತು.

ಆಮೇಲೆ ಧಣಿ ಯೋಚಿಸಿದ. ಅವನ ಮುಖದಲ್ಲಿ ತರ್ಕ ಮೂಡುವುದು ನಮಗೆ ಕಂಡಿತು. ಗೂಟಕ್ಕೆ ನೇತುಹಾಕಿದ್ದ ಝಿವಾನಾಳ ಹಳೆಯ ಮೇಲಂಗಿ ತೊಟ್ಟ. ನಂಬರ್ ಮೂರು. ಮೊಣಕೈಗೂ ಬರಲಿಲ್ಲ. ಅವಳ ಹೂವಿನ ತಲೆವಸ್ತ್ರ ತಲೆಗೆ ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿದ. ಮೀಸೆ ಹೊರಗೇ ಉಳಿಯಿತು. ಕೂತ. ನಮ್ಮ ಹಾಡು ಗುನುಗಿದ.

"ಹುಲ್ಲು ಹಾಸಿರೋ... ಮ್ಮ್... ಸುಲ್ತಾನಿಯಾಗೆ..."

"ರಾಗ ತಪ್ಪು ಧಣಿ," ಅಂದಳು ಬಿಸೆರಾ.

ಬಾರೊನಿತ್ಸಾ ನಿಧಾನವಾಗಿ ತಿರುಗಿ ನೋಡಿತು. ಹೂವಿನ ವಸ್ತ್ರ ಮೂಸಿತು. ಮೀಸೆ ಮೂಸಿತು. ಆಮೇಲೆ ವಸ್ತ್ರದ ತುದಿಯನ್ನು ಹಲ್ಲಲ್ಲಿ ಹಿಡಿದು ಅಗಿಯತೊಡಗಿತು. ಅದರ ಇನ್ನೊಂದು ತುದಿಯಲ್ಲಿ ಧಣಿಯ ಗಲ್ಲವಿತ್ತು.

ತಿಯಾನಾಳ ವ್ಯಾನು ಬಂದದ್ದು ಆಗ. ಸುಲ್ತಾನಿಯಾಳ ರಕ್ತ ಇನ್ನೊಮ್ಮೆ ನೋಡಲು ಬಂದಿದ್ದಳು. ಬಾಗಿಲಲ್ಲೇ ನಿಂತಳು. ತಲೆವಸ್ತ್ರ ಕಟ್ಟಿಕೊಂಡ ಧಣಿ ಕತ್ತೆಯ ಬಾಯಿಂದ ನೇತಾಡುತ್ತಿದ್ದಾನೆ. ರೋಗಿಯ ಹಾಸಿಗೆಯಲ್ಲಿ ಎಂಟು ಹೆಂಗಸರು ಬೀಟ್‌ರೂಟು ತಿನ್ನುತ್ತಿದ್ದಾರೆ.

ಅವಳು ಮೊದಲು ಧಣಿಯನ್ನು ಬಿಡಿಸಿದಳು. ಆಮೇಲೆ ಏನೂ ಕೇಳದೆ ಸುಲ್ತಾನಿಯಾಳ ಕುತ್ತಿಗೆಯಿಂದ ರಕ್ತ ತೆಗೆದು, ಕೈಯಲ್ಲಿದ್ದ ಸಣ್ಣ ಯಂತ್ರಕ್ಕೆ ಒಂದು ಹನಿ ಹಾಕಿದಳು. ಹಿಮೋಗ್ಲೋಬಿನ್ ಹನ್ನೆರಡೂವರೆ.

"ಎರಡನೆಯವರೇ, ಆ ಟ್ಯೂಬಲ್ಲಿ ಇದ್ದಿದ್ದು ಯಾರ ರಕ್ತ?"

"ನನ್ನ ಹೆಸರು ಸ್ತಾನಾ," ಅಂದೆ. "ರಕ್ತ ಬಿಸೆರಾದು. ಹೆಸರು ಬರೆದಿದ್ದು ನಾನು. ಪಾಪ ನಂದು."

ತಿಯಾನಾ ಹುಲ್ಲಿನಲ್ಲಿ ಕೂತುಬಿಟ್ಟಳು. ಒಂಬತ್ತನೆಯವಳಾಗಿ.

"ಅಯ್ಯೋ ದೇವರೇ. ನಮ್ಮ ಪ್ರೊಫೆಸರು ಕುಣಿದಾಡ್ತಾ ಇದಾರೆ. ಹಾಲೂಡಿಸೋ ಕತ್ತೇಲಿ ಇಂಥಾದ್ದು ಇದುವರೆಗೆ ಯಾರೂ ಕಂಡಿಲ್ಲ ಅಂತ ಮೂರು ದೇಶಕ್ಕೆ ಪತ್ರ ಬರೆದಿದಾರೆ." ಯಂತ್ರದ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅವಳ ದನಿ ಬದಲಾಯಿತು. "ಮನುಷ್ಯರ ಕೆಂಪು ಕಣ ಕತ್ತೆಯದಕ್ಕಿಂತ ದೊಡ್ಡದಿರುತ್ತೆ. ಗಾತ್ರ ನೋಡಿದ ತಕ್ಷಣ ನಮಗೆ ಗೊತ್ತಾಗ್ಬೇಕಿತ್ತು. ಗೊತ್ತಾಗಲಿಲ್ಲ. ಕಬ್ಬಿಣ ಇಲ್ದೆ ಇವಳ ಕಣ ಎಷ್ಟು ಸಣ್ಣಗಾಗಿದೆ ಅಂದ್ರೆ, ಕತ್ತೆಯದರ ಅಳತೆಗೇ ಬಂದುಬಿಟ್ಟಿದೆ."

ಬಿಸೆರಾ ಬೀಟ್‌ರೂಟು ಕೆಳಗಿಟ್ಟಳು.

"ಧಣಿ ನಮ್ಮನ್ನ ಕತ್ತೆ ಅಳತೇಲೇ ನೋಡ್ತಾ ಇದ್ರು," ಅಂದಳು ಬಿಸೆರಾ. "ಈಗ ಯಂತ್ರಾನೂ ಒಪ್ತು."

ಝಿವಾನಾ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು. ತಿಯಾನಾ ಈಗ ತಲೆ ಎತ್ತಿ ಬಿಸೆರಾಳ ಮುಖ ನೋಡಿದಳು. ಅವಳ ಕೆಳ ರೆಪ್ಪೆ ಎಳೆದು ನೋಡಿದಳು. ಒಳಗೆ ಸುಣ್ಣದ ಗೋಡೆ.

"ಇವಳಿಗೆ ಹೆರಿಗೇಲಿ ಸ್ವಲ್ಪ ರಕ್ತ ಹೋದ್ರೂ ಉಳಿಯಲ್ಲ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

"ಮೋಸ ಮಾಡಿದಾರೆ ನಂಗೆ!" ಧಣಿ ತಲೆವಸ್ತ್ರ ಕಿತ್ತೆಸೆದ. "ನನ್ನ ಹಾಲು! ಮೂವತ್ತೊಂಬತ್ತು ಕೆಚ್ಚಲು ಬಿಗಿದು ನಿಂತಿವೆ!"

"ನಾವು ಕರೀತೀವಿ ಧಣಿ," ಅಂದೆ. ನನ್ನ ದನಿ ನನಗೇ ಹೊಸದು. "ಮೊದಲು ಹಲಗೆ ಮೇಲೆ ಬರೀರಿ. ಬಿಸೆರಾ. ಹೆರೋವರೆಗೆ ರಜೆ. ಹೆತ್ತ ಮೇಲೆ ನಲವತ್ತು ದಿನ. ಇನ್ಮೇಲೆ ಬಸುರಾದ ಎಲ್ಲರಿಗೂ ಹಂಗೇ."

"ಕತ್ತೆಗಳ ಹಲಗೇಲಾ?"

"ನೀವು ಬೇರೆ ಯಾವ್ದನ್ನೂ ನಂಬಲ್ವಲ್ಲ."

ಧಣಿ ತಿಯಾನಾಳನ್ನು ನೋಡಿದ. ಅವಳು ಬಾಟಲಿಯ ಮೇಲಿನ ಮುದ್ರೆಯ ವಿಷಯ ಏನೂ ಹೇಳಲಿಲ್ಲ. ತನ್ನ ಪೆಟ್ಟಿಗೆ ಮುಚ್ಚತೊಡಗಿದಳು, ಅಷ್ಟೇ. ಧಣಿ ಸೀಮೆಸುಣ್ಣ ತೆಗೆದುಕೊಂಡ. 'ಏಳು' ಎಂದು ಬರೆದ. ನಾವು ಕದಲಲಿಲ್ಲ. ಒರೆಸಿದ. 'ಬಿಸೆರಾ' ಎಂದು ಬರೆದ. ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬರೆದ.

ನಾಲ್ವರು ಉಳಿದು ಹಾಲು ಕರೆದರು. ಬಿಸೆರಾ, ನಾನು, ಝಿವಾನಾ, ಇನ್ನೊಬ್ಬಳು ಹೊರಟೆವು. ತಿಯಾನಾಳ ವ್ಯಾನಿನ ತುಂಬ ಪೆಟ್ಟಿಗೆಗಳು. ಹಾಗಾಗಿ ಅದರ ಹಿಂದೆ ಕತ್ತೆ ಸಾಗಿಸುವ ಗಾಡಿ ಸಿಕ್ಕಿಸಿಕೊಂಡು ಅದರಲ್ಲಿ ಹೋದೆವು. ಹನ್ನೊಂದು ಕಿಲೋಮೀಟರು, ಒಂದು ಸಲವೂ ಇಳಿದು ಕೂರಲಿಲ್ಲ. ಬಿಸೆರಾ ಜಾಲರಿಯ ಕಿಟಕಿಯಿಂದ ಪ್ಲಮ್ ಹೂವು ನೋಡುತ್ತಿದ್ದಳು.

ಆರೋಗ್ಯ ಕೇಂದ್ರದಲ್ಲಿ ಅದೇ ಕಿಟಕಿ, ಅದೇ ನರ್ಸ್. ತಲೆ ಎತ್ತಲಿಲ್ಲ.

"ಕಾಗದ?"

ತಿಯಾನಾ ಮುದ್ರೆಯಿದ್ದ ಕಾಗದ ಇಟ್ಟಳು. ಮುದ್ರೆ ನೋಡಿ ನರ್ಸ್ ನೆಟ್ಟಗೆ ಕೂತಳು. ಓದಿದಳು. "ಸುಲ್ತಾನಿಯಾ. ಹೆಣ್ಣು. ವಯಸ್ಸು ಒಂಬತ್ತು." ಕನ್ನಡಕ ಏರಿಸಿ ಬಿಸೆರಾಳನ್ನು ನೋಡಿದಳು. "ಒಂಬತ್ತಾ?"

"ನಮ್ಮ ಕೇರೀಲಿ ಬೇಗ ಬೆಳೀತಾರೆ," ಅಂದಳು ಝಿವಾನಾ.

ನರ್ಸ್ ಮುಂದೆ ಓದಿದಳು. "ಬಣ್ಣ ಬೂದಿ. ದಿನಕ್ಕೆ ಹಾಲು ಎರಡು... ಏನ್ರೀ ಇದು? ಇದು ಪ್ರಾಣಿಗಳ ಲ್ಯಾಬಿನ ಕಾಗದ!"

"ಹೌದಮ್ಮ," ಅಂದಳು ಬಿಸೆರಾ. "ನನ್ನ ರಕ್ತ ನೋಡಿದ್ದು ಅವರೊಬ್ರೇ."

ಕಾಯುತ್ತಿದ್ದವರೆಲ್ಲ ಕಿಟಕಿಯ ಕಡೆ ತಿರುಗಿದರು. ನರ್ಸಿನ ಕುತ್ತಿಗೆ ಕೆಂಪಾಯಿತು. "ನಂಬರಿಲ್ದೆ ಕಂಪ್ಯೂಟರ್ ತೆಗೆಯಲ್ಲ. ನಾನೇನು ಮಾಡ್ಲಿ? ಹೋಗಿ ಕಾಗದ ಮಾಡಿಸ್ಕೊಂಡು ಬನ್ನಿ."

"ಹೋಗಲ್ಲ." ಬಿಸೆರಾ ಕಿಟಕಿಯ ಕೆಳಗೇ ನೆಲದ ಮೇಲೆ ಕೂತಳು. ಬೆಳಗ್ಗೆ ಒಂದು ಸಲ ಕೂತಿದ್ದಳಲ್ಲ, ಎರಡನೆಯ ಸಲ ಸುಲಭವಾಗಿತ್ತು. ನಾವೂ ಕೂತೆವು. ನಮ್ಮ ಬಟ್ಟೆಯಿಂದ ಹುಲ್ಲು ಉದುರಿತು. ಲಾಯದ ವಾಸನೆ ಕೋಣೆಯ ತುಂಬ ಹರಡಿತು. ಡಾಕ್ಟರ್ ತಿಯಾನಾ ಒಂದು ಕ್ಷಣ ನೋಡಿ, ತನ್ನ ಬಿಳಿ ಕೋಟು ಮಡಿಸಿಕೊಂಡು ನಮ್ಮ ಪಕ್ಕ ಕೂತಳು.

ವಾಸನೆ ಕೇಂದ್ರದ ದೊಡ್ಡ ಡಾಕ್ಟರನ್ನು ಹೊರಗೆಳೆದು ತಂದಿತು. ಮುದುಕ, ಮೂಗಿಗೆ ಕರವಸ್ತ್ರ. ಬೈಯಲು ಬಾಯಿ ತೆರೆದವನು ಬಿಸೆರಾಳ ತುಟಿ ನೋಡಿದ. ಬಗ್ಗಿದ. ರೆಪ್ಪೆ ಎಳೆದ. ಉಗುರು ನೋಡಿದ. ಕಾಗದ ಓದಿದ, ಮೇಲಿನ ಹೆಸರು ಬಿಟ್ಟು ಕೆಳಗಿನ ಅಂಕಿಗಳನ್ನು ಮಾತ್ರ.

"ಒಳಗೆ ತನ್ನಿ ಇವಳನ್ನ. ಎರಡು ಬಾಟಲಿ ರಕ್ತ ತರಿಸಿ. ಈಗಲೇ."

"ಡಾಕ್ಟ್ರೇ, ಕಂಪ್ಯೂಟರು..."

"ಅದಕ್ಕೆ ರಕ್ತ ಬೇಡ. ಇವಳಿಗೆ ಬೇಕು."

ನಾನೂ ಝಿವಾನಾಳೂ ಎರಡು ಕಡೆ ಹಿಡಿದುಕೊಂಡೆವು. ಬಾಗಿಲ ಹತ್ತಿರ ಹೋದಾಗ ನರ್ಸ್ ಹಿಂದಿನಿಂದ ಕೂಗಿದಳು, ಪೆನ್ನು ಹಿಡಿದುಕೊಂಡು, ಮೇಜಿನ ಮೇಲೆ ಬರೀ ಕಾಗದದ ಪುಸ್ತಕವೊಂದನ್ನು ತೆರೆದು.

"ಹೆಸರು ಏನಂತ ಬರೀಲಿ? ಸುಲ್ತಾನಿಯಾ ಅಂತಾನಾ?"

ಬಿಸೆರಾ ನಿಂತಳು. ಉಸಿರು ಎಳೆದುಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬಿಸೆರಾ ಅಂತ ಬರೀರಿ," ಅಂದಳು. "ಸುಲ್ತಾನಿಯಾಗೆ ಏನೂ ಆಗಿಲ್ಲ."